ಅತಿಥಿಗಳ ಉಸಿರು

ಲಂಗರಣ್ಣನಿಗೆ ಟೀ ಲೋಟ ಬಾಯಿಯವರೆಗೆ ಎತ್ತಲು ಆಗುತ್ತಿರಲಿಲ್ಲ. ಹೆಗಲಿನ ಕೀಲು ಹಿಡಿದುಕೊಂಡಿತ್ತು. ಬಾಯಿಯನ್ನೇ ಲೋಟದ ಹತ್ತಿರ ತಂದು ಕುಡಿಯುತ್ತಿದ್ದ. ದೋಣಿಯ ಅಡುಗೆ ಮೂಲೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದ ಹೆಂಡತಿ ಅದನ್ನು ನೋಡಿಯೂ ತುಟಿ ಪಿಟಕ್ಕೆನ್ನಲಿಲ್ಲ. ದೋಣಿಯ ಯಜಮಾನನ ಎದುರು ನೋವಿನ ಮಾತೆತ್ತಿದರೆ ಗಂಡ ಸಿಡುಕುತ್ತಾನೆ, ನಾಳೆ ಕೆಲಸ ಹೋದೀತು ಎಂಬ ಅಳುಕು ಅವನಿಗೆ.

ಆ ಹೆಸರು ಅವನಿಗೆ ಸುಮ್ಮನೆ ಅಂಟಿದ್ದಲ್ಲ. ಅಲ್ಲಿ ಕಡಲ ತಳವೆಲ್ಲ ಬಂಡೆ. ಮೇಲಿನಿಂದ ಎಸೆದ ಲಂಗರು ನಿಲ್ಲುವುದಿಲ್ಲ. ಯಾರಾದರೂ ಮುಳುಗಿ ಅದನ್ನು ಬಂಡೆಯ ಸಂದಿಗೆ ಸಿಕ್ಕಿಸಬೇಕು, ಹೊರಡುವಾಗ ಮತ್ತೆ ಮುಳುಗಿ ಬಿಡಿಸಬೇಕು. ನಡುವೆ, ದುಡ್ಡು ಕೊಟ್ಟು ಕಡಲ ತಳ ನೋಡಲು ಬಂದ ಅತಿಥಿಗಳ ಕೈ ಹಿಡಿದು ಕರೆದೊಯ್ದು ಮೀನು ತೋರಿಸಬೇಕು. ಎಲ್ಲರಿಗಿಂತ ಮೊದಲು ಇಳಿಯುವವನು ಅವನೇ, ಕೊನೆಗೆ ಹತ್ತುವವನೂ ಅವನೇ.

ಆಳದಲ್ಲಿ ಉಸಿರಾಡಿದ ಗಾಳಿಯ ಸಾರಜನಕ ನೆತ್ತರಲ್ಲಿ ಕರಗಿ ಕೂರುತ್ತದೆ. ಮೇಲೆ ಬಂದ ಮೇಲೆ ಅದು ಮೆಲ್ಲಗೆ ಹೊರಗೆ ಹೋಗಬೇಕು. ಹೋಗುವ ದಾರಿಯಲ್ಲಿ ಗುಳ್ಳೆಗಟ್ಟಿದರೆ ಕೀಲು ಹಿಡಿಯುತ್ತದೆ, ನರಕ್ಕೆ ಹೊಡೆದರೆ ಕಾಲೇ ಹೋಗುತ್ತದೆ. ಶುದ್ಧ ಆಕ್ಸಿಜನ್ ಉಸಿರಾಡುತ್ತ ಕೂತರೆ ಅದು ಬೇಗ ಹೊರಬೀಳುತ್ತದೆ. ದೋಣಿಯಲ್ಲಿ ಆಕ್ಸಿಜನ್ ಇತ್ತು. ಮೆತ್ತನೆಯ ಬೆಂಚಿನ ಕೆಳಗೆ, ಬೀಗ ಹಾಕಿದ ಪೆಟ್ಟಿಗೆಯಲ್ಲಿ. ಕೀಲಿಕೈ ಯಜಮಾನನ ಕೊರಳಲ್ಲಿ. ಒಂದು ಸಲ ಇಳಿದು ಹತ್ತಿದ ಅತಿಥಿಗಳು ಸರದಿಯ ಮೇಲೆ ಮುಖವಾಡ ಹಾಕಿಕೊಂಡು ಕೂರುತ್ತಿದ್ದರು. ದಿನವಿಡೀ ಇಳಿದು ಹತ್ತಿದವರು ಅವರ ಒದ್ದೆ ಉಡುಪು ಹಿಂಡುತ್ತಿದ್ದರು.

ಕೆಲಸದವರು ತಮಗೆ ತಾವೇ ಒಂದು ಮದ್ದು ಕಂಡುಕೊಂಡಿದ್ದರು. ನೋವು ಬಂದರೆ ಮತ್ತೆ ನೀರಿಗಿಳಿ. ನೀರಿನ ಭಾರಕ್ಕೆ ಗುಳ್ಳೆ ಕುಗ್ಗಿ ನೋವು ನಿಜವಾಗಿಯೂ ಮಾಯವಾಗುತ್ತಿತ್ತು. ಮೇಲೆ ಬಂದಾಗ ಬಡ್ಡಿ ಸಮೇತ ವಾಪಸು ಬರುತ್ತಿತ್ತು. ಆದರೂ ಎಲ್ಲರೂ ಅದನ್ನೇ ನಂಬಿದ್ದರು. ಪುಕ್ಕಟೆ ಮದ್ದು ನೋಡಿ, ಯಜಮಾನನಿಗೂ ಅದರ ಮೇಲೆ ಬಲು ಪ್ರೀತಿ.

ಅವತ್ತೂ ಅವನು, ಹೋಗಿ ಲಂಗರು ಬಿಡಿಸು, ಹೆಗಲೂ ಸರಿಹೋಗುತ್ತೆ ಅಂದ. ಲಂಗರಣ್ಣ ನಗುತ್ತಲೇ ಇಳಿದ.

ಅವನು ಮೇಲೆ ಬಂದಾಗ ಮುಖದಲ್ಲಿ ನಗುವಿರಲಿಲ್ಲ. ಲಂಗರು ಸಂದಿಯಲ್ಲಿ ಕಚ್ಚಿಕೊಂಡಿದೆ, ಬಿಡಲಿಲ್ಲ ಅಂದ. ಏಣಿ ಹಿಡಿದ. ಕಾಲು ಮೆಟ್ಟಿಲಿನ ಮೇಲೆ ನಿಲ್ಲದೆ ಜಾರಿತು. ಮತ್ತೆ ಇಟ್ಟ, ಮತ್ತೆ ಜಾರಿತು.

ಹೆಂಡತಿ ಏಣಿಯ ಬಳಿ ಓಡಿ ಬಂದಳು. ಅವಳೂ ಅದೇ ದೋಣಿಯಲ್ಲಿ ಮುಳುಗುವ ಕೆಲಸ ಮಾಡುವ ಮೈದುನನೂ ಸೇರಿ ಅವನನ್ನು ಎಳೆದು ಹಲಗೆಯ ಮೇಲೆ ಮಲಗಿಸಿದರು. ಅವಳು ಪಾದವನ್ನು ಬಲವಾಗಿ ಚಿವುಟಿದಳು.

"ಗೊತ್ತಾಗ್ತಿದೆಯೇನ್ರೀ?"

"ಏನು ಮಾಡ್ತಿದೀಯ?" ಅಂದ ಅವನು.

ಚಿವುಟಿದ್ದು ಅವನಿಗೆ ತಿಳಿದೇ ಇರಲಿಲ್ಲ. ಬೆಂಚಿನ ಮೇಲೆ ಕೂತಿದ್ದ ವಯಸ್ಸಾದ ಅತಿಥಿ ಹೆಂಗಸು ತನ್ನ ಮುಖವಾಡ ಕಳಚಿ ಚಾಚಿದಳು. ಯಜಮಾನ ಅಡ್ಡ ಕೈಯಿಟ್ಟ.

"ನೀವು ಕೂತ್ಕೊಳ್ಳಿ ಮೇಡಂ. ಇವರ ಮೈಗೆ ಇದೆಲ್ಲ ಅಭ್ಯಾಸ. ನಮ್ಮಂಥ ಮೈ ಅಲ್ಲ ಇವರದ್ದು."

ಚಿವುಟಿದ ಉಗುರಿನ ಗುರುತಿನಲ್ಲಿ ರಕ್ತ ಜಿನುಗುತ್ತಿತ್ತು. ಹೆಂಡತಿ ಒಮ್ಮೆ ಅದನ್ನು ನೋಡಿದಳು, ಒಮ್ಮೆ ಯಜಮಾನನನ್ನು. ಇಷ್ಟು ವರ್ಷ ಅವನ ಮುಂದೆ ಬಗ್ಗಿ ತಟ್ಟೆ ಇಟ್ಟಿದ್ದಕ್ಕೆ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು. ಅವನ ಕೈಯನ್ನು ತಳ್ಳಿ, ಮುಖವಾಡ ತೆಗೆದುಕೊಂಡು, ಗಂಡನ ಮೂಗು ಬಾಯಿಗೆ ಒತ್ತಿ ಹಿಡಿದಳು.

ಯಜಮಾನ ಆಕ್ಸಿಜನ್ ನಿಲ್ಲಿಸಲು ಸಿಲಿಂಡರಿನ ತಿರುಪಿಗೆ ಕೈ ಹಾಕಿದ. ಮೈದುನ ಆ ಮಣಿಕಟ್ಟನ್ನು ಹಿಡಿದ. ಬಿಡಲಿಲ್ಲ. ಅತಿಥಿಗಳೆಲ್ಲ ನೋಡುತ್ತಿದ್ದರು.

ಯಜಮಾನ ದನಿ ತಗ್ಗಿಸಿದ. "ಸರಿ, ಉಸಿರು ಎಳ್ಕೊಳ್ಳಲಿ. ಆದರೆ ದಡಕ್ಕೆ, ಆಸ್ಪತ್ರೆಗೆ ಹೋಗೋದು ಬೇಡ್ವಾ? ಲಂಗರು ಬಿಡಿಸದೆ ದೋಣಿ ಹೊರಡಲ್ಲ. ನೀನಿಳಿ. ನಿಮ್ಮಣ್ಣ ಉಳೀಬೇಕಾದ್ರೆ ಇಳಿ."

ಮೈದುನ ಅಣ್ಣನ ಕಾಲು ನೋಡಿದ. ಅವನೂ ಆಗತಾನೇ ಮೇಲೆ ಬಂದವನು. ಬೆಳಿಗ್ಗೆಯಿಂದ ಅವನ ಮೊಣಕೈಯೂ ಚುಚ್ಚುತ್ತಿದ್ದದ್ದು ಅತ್ತಿಗೆಗೆ ಗೊತ್ತು. ಆದರೂ ಅವನು ಯಜಮಾನನ ಕೈ ಬಿಟ್ಟು, ಬೆನ್ನಿಗೆ ಕಟ್ಟುವ ಗಾಳಿಯ ಸಿಲಿಂಡರಿಗೆ ಕೈ ಚಾಚಿದ.

"ಬೇಡ," ಅಂದಳು ಅವಳು. "ಇವರ ಮುಖವಾಡ ಹಿಡ್ಕೋ."

ಅವಳು ಅಡುಗೆ ಮೂಲೆಗೆ ಹೋಗಿ ಈರುಳ್ಳಿ ಹೆಚ್ಚುತ್ತಿದ್ದ ಚಾಕು ತಂದಳು. ಯಜಮಾನ ಎರಡು ಹೆಜ್ಜೆ ಹಿಂದೆ ಸರಿದ. ಅವಳು ಅವನ ಕಡೆ ನೋಡಲೂ ಇಲ್ಲ. ದೋಣಿಯ ಮೂತಿಯ ಹತ್ತಿರ ಕೂತು, ಬಿಗಿದು ನಿಂತಿದ್ದ ಲಂಗರಿನ ಹಗ್ಗ ಕೊಯ್ಯತೊಡಗಿದಳು. ಹಗ್ಗ ದಪ್ಪ, ಚಾಕು ಮೊಂಡು. ಹೊಸ ಲಂಗರು ಅದು ಎಂದು ಯಜಮಾನ ಕೂಗಾಡಿದ. ಅವಳು ಹಲ್ಲು ಕಚ್ಚಿ ಕೊಯ್ಯುತ್ತಲೇ ಇದ್ದಳು.

ಹಗ್ಗ ಕಡಿದು ನೀರಿಗೆ ಬಿತ್ತು. ಆಗ ಅವಳು ತಿರುಗಿದಳು.

"ಲಂಗರು ಬೇಕಿದ್ರೆ ನೀವೇ ಇಳೀರಿ ಯಜಮಾನ್ರೇ. ಕೆಳಗೆ ಹೋದ್ರೆ ನೋವು ಹೋಗುತ್ತಂತಲ್ಲ."

ದೋಣಿ ನಡೆಸುವವನು ಯಜಮಾನನ ಅಪ್ಪಣೆಗೆ ಕಾಯದೆ ಎಂಜಿನ್ ಚಾಲೂ ಮಾಡಿದ.

ದಡ ಮುಟ್ಟುವ ಹೊತ್ತಿಗೆ ಲಂಗರಣ್ಣನ ಎಡಗಾಲಿನ ಬೆರಳು ಆಡಿತು. ಬಲಗಾಲು ಆಡಲಿಲ್ಲ. ಆಸ್ಪತ್ರೆಯವರು, ಕಾಯಬೇಕು, ಮಾತು ಕೊಡಲಾಗದು ಅಂದರು.

ಮರುದಿನ ಬೆಳಿಗ್ಗೆ ಯಜಮಾನ ಲಂಗರು ಹುಡುಕಿ ತರಲು ಆಳು ಕರೆಯುತ್ತ ದೋಣಿಕಟ್ಟೆಗೆ ಬಂದ. ಎಲ್ಲ ದೋಣಿಗಳ ಮುಳುಗುಗಾರರೂ ಅಲ್ಲಿ ಸಾಲಾಗಿ ಕೂತಿದ್ದರು. ಒಬ್ಬರ ಮೈಯೂ ಒದ್ದೆಯಾಗಿರಲಿಲ್ಲ. ಮೊದಲು ಆಕ್ಸಿಜನ್ ಪೆಟ್ಟಿಗೆಗಳ ಬೀಗ ತೆಗೀರಿ, ಆಮೇಲೆ ಇಳಿಯುವ ಮಾತು ಅಂದ ಮೈದುನ.

ಯಜಮಾನನ ಕೈ ಕೊರಳಿನ ಕೀಲಿಕೈಯ ಮೇಲೇ ಇತ್ತು. ಅವನು ಅದನ್ನು ತೆಗೆಯಲಿಲ್ಲ. ಇವರು ಏಳಲಿಲ್ಲ. ಲಂಗರು ಇನ್ನೂ ಕೆಳಗೇ ಇದೆ.