ಹಗ್ಗದ ಆಚೆ, ಹಗ್ಗದ ಈಚೆ

ನಮ್ಮ ಶುಬ್ರಾ ಬಡಾವಣೆಯಲ್ಲಿ ಕಾರಿಗೆ ಹ್ಯಾಂಡ್‌ಬ್ರೇಕ್ ಹಾಕಿ ಇಳಿದುಹೋದವನ ವಂಶವೆಲ್ಲ ಬೈಗುಳ ತಿನ್ನುತ್ತದೆ. ಗೇರು ನ್ಯೂಟ್ರಲ್‌ನಲ್ಲಿರಬೇಕು, ಬ್ರೇಕು ಬಿಟ್ಟಿರಬೇಕು, ಚಕ್ರ ನೆಟ್ಟಗಿರಬೇಕು. ಹಿಂದೆ ಸಿಕ್ಕಿಕೊಂಡವನು ಬಂದು, ನಿಮ್ಮ ಕಾರನ್ನು ಕೈಯಿಂದ ತಳ್ಳಿ, ದಾರಿ ಮಾಡಿಕೊಂಡು ಹೋಗುತ್ತಾನೆ. ಕೈರೋದಲ್ಲಿ ಇದಕ್ಕಿಂತ ದೊಡ್ಡ ಸಭ್ಯತೆ ಇಲ್ಲ. ನಾನು ಸಿಕ್ಕಿಬಿದ್ದದ್ದು ಈ ಸಭ್ಯತೆಯಿಂದಲೇ.

ನಾನು ವಗ್ದಿ, ಹೆಣ್ಣುಮಕ್ಕಳ ಶಾಲೆಯೊಂದರ ಬಸ್ಸು ಓಡಿಸುತ್ತೇನೆ. ಬೆಳಿಗ್ಗೆ ಇಪ್ಪತ್ತೆರಡು ಹುಡುಗಿಯರನ್ನು ಶಾಲೆಗೆ ಮುಟ್ಟಿಸಿದರೆ ಮಧ್ಯಾಹ್ನ ಎರಡರವರೆಗೆ ಬಸ್ಸಿಗೂ ನನಗೂ ಕೆಲಸವಿಲ್ಲ. ಅಷ್ಟು ಹೊತ್ತು ಬಸ್ಸು ಬಯ್ಯೂಮಿಯ ಜಾಗದಲ್ಲಿ ನಿಲ್ಲುತ್ತಿತ್ತು. ಅದು ಯಾವುದೋ ಪಾಷಾನ ಬಂಗಲೆ ಕೆಡವಿದ ಖಾಲಿ ನಿವೇಶನ. ವಾರಸುದಾರರು ಕೋರ್ಟಿನಲ್ಲಿ ಬಡಿದಾಡುತ್ತಿದ್ದರು, ಬಯ್ಯೂಮಿ ಇಪ್ಪತ್ತೊಂದು ವರ್ಷದಿಂದ ಅಲ್ಲಿ ಕುರ್ಚಿ ಹಾಕಿಕೊಂಡು, ಕಾಸು ಪಡೆದು ಕಂಡವರ ಕಾರು ನಿಲ್ಲಿಸಿಕೊಳ್ಳುತ್ತಿದ್ದ. ಕಾಗದಪತ್ರ ಒಂದೂ ಇರಲಿಲ್ಲ. ಬಾಗಿಲಿಗೆ ಒಂದು ಹಗ್ಗ ಕಟ್ಟಿದ್ದ, ಅಷ್ಟೇ. ಇಡೀ ಬೀದಿಗೆ ಅವನು ಚಿಕ್ಕಪ್ಪ, ಅಮ್ ಬಯ್ಯೂಮಿ.

"ಈ ಹಗ್ಗದ ಒಳಗೆ ಸರ್ಕಾರವೂ ನಾನೇ, ಪೊಲೀಸೂ ನಾನೇ," ಎನ್ನುತ್ತಿದ್ದ. "ಸಂಚಾರದ ಕಾನೂನು ಏನಿದ್ರೂ ಆಚೆ. ಇಲ್ಲಿ ಅಡ್ಡ ನಿಲ್ಸು, ಉದ್ದ ನಿಲ್ಸು, ಕೇಳೋರು ಯಾರು?"

ನಾವೂ ಅದನ್ನು ನಂಬಿದ್ದೆವು. ಇಪ್ಪತ್ತೊಂದು ವರ್ಷ ಯಾರೂ ಬಂದು ಕೇಳದಿದ್ದರೆ ನೀವೂ ನಂಬುತ್ತೀರಿ.

ಆವತ್ತು ಒಂದು ಗಂಟೆಗೆ ಹೋಗಿ ನೋಡಿದರೆ ಬಸ್ಸಿನ ಮೂತಿಗೆ ಒಂದು ಬಿಳಿ ಕಾರು ಅಂಟಿಕೊಂಡು ನಿಂತಿದೆ. ಎಡಕ್ಕೆ ಗೋಡೆ, ಬಲಕ್ಕೆ ಎರಡು ಕಾರು. ಬಿಳಿ ಕಾರಿನ ಒಡತಿ ಇನ್ಶಿರಾಹ್ ಮೇಡಂ ಪಕ್ಕದ ಕಟ್ಟಡದಲ್ಲಿ ಹಲ್ಲಿನ ವೈದ್ಯರ ಮುಂದೆ ಬಾಯಿ ತೆರೆದು ಕೂತಿದ್ದರು. ಕಾರೇನೋ ಮರ್ಯಾದೆಯಿಂದ ನ್ಯೂಟ್ರಲ್‌ನಲ್ಲೇ ಇತ್ತು. ಆದರೆ ಜಾಗ ಬೀದಿಯ ಕಡೆಗೆ ಇಳಿಜಾರು, ಹಾಗಾಗಿ ಮುಂದಿನ ಚಕ್ರಕ್ಕೆ ಬಯ್ಯೂಮಿ ಇಟ್ಟಿಗೆ ಕೊಟ್ಟಿದ್ದ. ಅಲ್ಲಿ ಕಾರು ಸರಿಸುವುದು ಇಬ್ಬರ ಕೆಲಸ: ಒಬ್ಬ ತಳ್ಳಬೇಕು, ಇನ್ನೊಬ್ಬ ಇಟ್ಟಿಗೆ ಹಿಡಿದು ಚಕ್ರದ ಜೊತೆ ನಡೆಯಬೇಕು. ಇಟ್ಟಿಗೆ ಹಿಡಿಯುವವನು ಮೂಲೆಯ ಮಸೀದಿಗೆ ನಮಾಜಿಗೆ ಹೋಗಿದ್ದ.

ಹತ್ತು ನಿಮಿಷ ಕಾದೆ. ತಡವಾದರೆ ಶಾಲೆಯ ವ್ಯವಸ್ಥಾಪಕಿ ಫೋನಿನಲ್ಲಿ ಮಾಡುವ ಮಂಗಳಾರತಿ ಕಿವಿಯಲ್ಲಿ ಕೇಳತೊಡಗಿತು. ಇನ್ನು ಕಾಯುವುದಿಲ್ಲ ಎಂದು ನಾನೇ ಇಟ್ಟಿಗೆ ಎಳೆದೆ. ಒಂದು ಮಾರು ಮುಂದೆ ಬಿಟ್ಟು ಮತ್ತೆ ಇಡೋಣ ಎಂದು ಲೆಕ್ಕ. ಕಾರು ನನ್ನ ಲೆಕ್ಕ ಕೇಳಲಿಲ್ಲ. ನಾನು ಇಟ್ಟಿಗೆ ಹಿಡಿದು ಪಕ್ಕದಲ್ಲಿ ಓಡುತ್ತಿದ್ದಂತೆ ಅದು ಹಗ್ಗ ಕಿತ್ತುಕೊಂಡು ಬೀದಿಗೆ ಇಳಿಯಿತು. ಅಷ್ಟರಲ್ಲಿ ಬಯ್ಯೂಮಿ ಮಸೀದಿಯಿಂದ ಬರುತ್ತಿದ್ದ. ಅರವತ್ತೆಂಟರ ಮುದುಕ, ಓಡಿಬಂದು ಕಾರಿಗೆ ಎದೆ ಕೊಟ್ಟು ನಿಂತ. ಜೀವಮಾನವಿಡೀ ಹಾಗೇ ಕಾರು ನಿಲ್ಲಿಸಿದವನು. ಕಾರು ನಿಂತಿತು, ಅವನ ಬಲಪಾದದ ಮೇಲೆ. ಬೀದಿಯಲ್ಲಿ, ಹಗ್ಗದಿಂದ ಪೂರಾ ಎರಡು ಹೆಜ್ಜೆ ಆಚೆ. ನಾನೇ ಕಣ್ಣಾರೆ ಕಂಡಿದ್ದೇನೆ.

ಆಮೇಲೆ ನಮ್ಮ ಬೀದಿಯ ಜನ ತಮ್ಮ ಒಳ್ಳೆಯತನ ತೋರಿಸಿದರು. ಎಂಟು ಜನ ಕಾರು ಎತ್ತಿ ಬಯ್ಯೂಮಿಯನ್ನು ಬಿಡಿಸಿದರು, ಒಳಗೆ ತಂದು ಅವನದೇ ಕುರ್ಚಿಯಲ್ಲಿ ಕೂರಿಸಿದರು. ಕಾಫಿ ಅಂಗಡಿಯವನು ಸಕ್ಕರೆ ಜಾಸ್ತಿ ಹಾಕಿ ಚಹಾ ತಂದ. ಇಷ್ಟಕ್ಕೇ ಸುಮ್ಮನಿದ್ದರೆ ಆಗುತ್ತಿತ್ತು. ಬೀದಿಗೆ ಅಡ್ಡ ನಿಂತ ಕಾರನ್ನು ಕಂಡು ಸುಮ್ಮನಿರುವ ಕೈ ನಮ್ಮಲ್ಲಿ ಯಾರಿಗಿದೆ? ಅದನ್ನೂ ಹಿಂದಕ್ಕೆ ತಳ್ಳಿ, ಮೊದಲಿದ್ದ ಜಾಗದಲ್ಲೇ ನಿಲ್ಲಿಸಿ, ಚಕ್ರಕ್ಕೆ ಇಟ್ಟಿಗೆ ಕೊಟ್ಟು, ಹಗ್ಗಕ್ಕೆ ಗಂಟು ಹಾಕಿಬಿಟ್ಟರು. ನಂತರ ತಂತಮ್ಮ ಕೆಲಸಕ್ಕೆ ಹೋದರು. ನನ್ನ ಬಸ್ಸು ಮತ್ತೆ ಒಳಗೆ ಸಿಕ್ಕಿಕೊಂಡಿತು.

ವೃತ್ತದಲ್ಲಿದ್ದ ಸಂಚಾರ ಪೊಲೀಸ್ ಅಧಿಕಾರಿ ಬಂದ. ಎಳೆಯ ಹುಡುಗ, ಇಸ್ತ್ರಿ ಮಾಡಿದ ಅಂಗಿ. ಕಾರು ನೋಡಿದ, ಇಟ್ಟಿಗೆ ನೋಡಿದ, ಹಗ್ಗ ನೋಡಿದ.

"ಅಪಘಾತ ಎಲ್ಲಿ ಆಯ್ತು?"

ಇನ್ಶಿರಾಹ್ ಮೇಡಂ ಅರ್ಧ ಮುಖ ಮರಗಟ್ಟಿಸಿಕೊಂಡು ಆಗ ತಾನೇ ಇಳಿದು ಬಂದಿದ್ದರು. ಕೆನ್ನೆ ಹಿಡಿದುಕೊಂಡೇ, "ನನ್ನ ಕಾರು ಬಿಟ್ಟಲ್ಲೇ ಇದೆಯಲ್ಲಪ್ಪ," ಎಂದರು. ಆಮೇಲೆ ಬಯ್ಯೂಮಿಯ ಹತ್ತಿರ ಹೋಗಿ ತಮ್ಮ ಶಾಲಿನಿಂದಲೇ ಅವನ ಕಾಲಿಗೆ ಕಟ್ಟು ಹಾಕತೊಡಗಿದರು.

ಅಧಿಕಾರಿ ನನ್ನ ಲೈಸೆನ್ಸ್ ಇಸಿದುಕೊಂಡು ಗೋಡೆ ಬದಿಗೆ ಕರೆದ. "ಉಸ್ತಾ, ಕಾರು ಸರಿಸಿದ್ದು ನೀನು ತಾನೆ?"

"ಹೌದು ಬಾಷಾ." ನಮ್ಮಲ್ಲಿ ಚಾಲಕನನ್ನು ಉಸ್ತಾ ಎನ್ನುತ್ತಾರೆ, ಅಧಿಕಾರಿಯನ್ನು ಬಾಷಾ.

"ಸರಿ ಕೇಳು. ಹಗ್ಗದ ಆಚೆ ಆಗಿದ್ರೆ ಅದು ರಸ್ತೆ, ನನ್ನ ಕಾಯ್ದೆ. ಗಾಯದ ವರದೀಲಿ ನಿನ್ನ ಹೆಸರು ಬರೀತೀನಿ, ಲೈಸೆನ್ಸ್ ನನ್ನ ಹತ್ರ ಇರುತ್ತೆ. ಹಗ್ಗದ ಒಳಗೆ ಆಗಿದ್ರೆ ಖಾಸಗಿ ಜಾಗ, ನಾನು ಕೈ ಹಾಕಲ್ಲ. ಮೇಲಕ್ಕೆ ಬರೆದು ಕಳಿಸ್ತೀನಿ. ಅವ್ರು ಬಂದು ಈ ಜಾಗ ನಡೆಸೋದಕ್ಕೆ ಪರವಾನಗಿ ಎಲ್ಲಿ ಅಂತ ಕೇಳ್ತಾರೆ."

"ಇಲ್ದಿದ್ರೆ?"

"ಇಲ್ದಿದ್ರೆ ಬೀಗ ಹಾಕ್ತಾರೆ. ಇನ್ನೇನು ಹಾರ ಹಾಕ್ತಾರಾ?"

ಗಾಯದ ವರದಿಯಲ್ಲಿ ಹೆಸರು ಬಂದ ಚಾಲಕ ಶಾಲೆಯ ಬಸ್ಸು ಮುಟ್ಟುವ ಹಾಗಿಲ್ಲ, ಅದು ನಮ್ಮ ವ್ಯವಸ್ಥಾಪಕಿ ಗೋಡೆಗೆ ಅಂಟಿಸಿದ ನಿಯಮ. ನನಗೆ ಐವತ್ತಮೂರು. ಈ ವಯಸ್ಸಿನಲ್ಲಿ ಬೇರೆ ಯಾವ ಸ್ಟೇರಿಂಗು ನನ್ನ ಕೈಗೆ ಬರುತ್ತದೆ? ಆಚೆ ಎಂದರೆ ನಾನು ಹೋದೆ, ಒಳಗೆ ಎಂದರೆ ಬಯ್ಯೂಮಿ ಹೋದ. ಸಂದಿನಲ್ಲಿ ಸಿಕ್ಕಿಕೊಂಡ ಬಸ್ಸಿಗಾದರೂ ಹಿಂದೆ ಒಂದು ಗೇಣು ಜಾಗವಿತ್ತು, ನನಗೆ ಅದೂ ಇರಲಿಲ್ಲ.

ಅಧಿಕಾರಿ ಮೊದಲು ಬಯ್ಯೂಮಿಯ ಹತ್ತಿರ ಹೋದ. "ಏನ್ ಅಮ್ ಬಯ್ಯೂಮಿ, ಕಾರು ಎಲ್ಲಿ ಹತ್ತಿತು ಕಾಲ ಮೇಲೆ? ಬೀದೀಲೋ, ಒಳಗೋ?"

ಬಯ್ಯೂಮಿ ನೋವಿನಲ್ಲೂ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ. ಗೋಡೆ ಬದಿಯಲ್ಲಿ ನಾವಾಡಿದ ಮಾತು ಅವನಿಗೆ ಕೇಳಿಸಿರಲಿಲ್ಲ. ಹಗ್ಗದ ಒಳಗೆ ಕಾನೂನೇ ಇಲ್ಲ, ಹಾಗಾಗಿ ಒಳಗೆ ಎಂದುಬಿಟ್ಟರೆ ಯಾರಿಗೂ ಏನೂ ಆಗುವುದಿಲ್ಲ ಎಂದೇ ಪಾಪದವನು ತಿಳಿದಿದ್ದ.

"ಒಳಗೇ ಬಾಷಾ. ನನ್ನ ಜಾಗ, ನನ್ನ ಕಾಲು. ನಿಮಗ್ಯಾಕೆ ತೊಂದ್ರೆ, ಚಹಾ ಕುಡೀರಿ."

ಅಧಿಕಾರಿ ನನ್ನ ಕಡೆ ತಿರುಗಿದ. ಪೆನ್ನು ಕೈಯಲ್ಲೇ ಇತ್ತು. "ನೀನೇನಂತೀಯ ಉಸ್ತಾ? ನೀನು ಕಂಡಿದ್ದೆಲ್ಲಿ?"

ಅವನಿಗೆ ಗೊತ್ತಿಲ್ಲ ಬಾಷಾ, ಆಚೆಯೇ ಆಗಿದ್ದು ಎಂದು ಹೇಳಲು ಎರಡು ಉಸಿರು ಸಾಕಿತ್ತು. ನಾಲಿಗೆ ತುದಿಯವರೆಗೂ ಬಂದಿತ್ತು. ಅಷ್ಟರಲ್ಲಿ ಜೇಬಿನಲ್ಲಿ ಫೋನು ನಡುಗಿತು, ಶಾಲೆಯಿಂದ.

"ಒಳಗೆ," ಎಂದೆ.

ಅವನು ಬರೆದುಕೊಂಡ, ಲೈಸೆನ್ಸ್ ವಾಪಸು ಕೊಟ್ಟ. ಮೇಡಂ ಕಾರು ತೆಗೆದರು. ಆಂಬುಲೆನ್ಸ್ ಬಂದು ಬಯ್ಯೂಮಿಯನ್ನು ಎತ್ತಿಕೊಂಡಾಗ ಅವನು ನನ್ನನ್ನೇ ಗದರಿದ: "ನಿಂತ್ಕೊಂಡು ಏನು ನೋಡ್ತೀಯ, ಮಕ್ಕಳು ಬಿಸಿಲಲ್ಲಿ ನಿಂತಿರ್ತವೆ, ಹೋಗು." ನಾನು ಹೋದೆ. ಐದೇ ನಿಮಿಷ ತಡ. ವ್ಯವಸ್ಥಾಪಕಿ ಅದನ್ನು ಗಮನಿಸಲೂ ಇಲ್ಲ.

ಆರನೆಯ ದಿನ ಜಾಗದ ಬಾಗಿಲಿಗೆ ತಗಡು ಹೊಡೆದು ಬೀಗ ಹಾಕಿದರು. ಬಯ್ಯೂಮಿಯ ಕುರ್ಚಿ ಒಳಗೇ ಉಳಿಯಿತು.

ಎರಡು ತಿಂಗಳ ಮೇಲೆ ಅವನು ಊರುಗೋಲು ಹಿಡಿದು ಬೀದಿಗೆ ಬಂದ. ನಾನು ಕಂಡರೂ ಕಾಣದವನಂತೆ ದಾಟಿಹೋಗುತ್ತಿದ್ದೆ, ಅವನೇ ಕೂಗಿ ನಿಲ್ಲಿಸಿದ.

"ಏ ವಗ್ದಿ, ನೋಡಿದ್ಯಾ, ಆವತ್ತು ನಾನೂ ಒಳಗೆ ಅಂದೆ, ನೀನೂ ಒಳಗೆ ಅಂದೆ, ಅದಕ್ಕೇ ನಂಬಿದ. ಒಂದು ಮಾತು ಆಚೀಚೆ ಆಗಿದ್ರೆ ನಿನ್ನ ಕೆಲಸ ಹೋಗ್ತಿತ್ತು."

"ಹೌದು ಚಿಕ್ಕಪ್ಪ."

"ಜಾಗದ ವಿಷಯ ಬೇರೆ. ಅದು ಯಾರೋ ಚಾಡಿ ಹೇಳಿದಾರೆ. ಇಪ್ಪತ್ತೊಂದು ವರ್ಷ ಇಲ್ದಿದ್ದು ಈಗ್ಯಾಕೆ ಬಂತು? ನಿನ್ನ ಕಿವಿಗೆ ಹೆಸರು ಬಿದ್ರೆ ನಂಗೆ ಹೇಳು."

ಹೇಳುತ್ತೇನೆ ಎಂದೆ.

ಈಗ ದಿನಾ ಬೆಳಿಗ್ಗೆ ಎಂಟಕ್ಕೆ ಅವನು ಬೀದಿ ಬದಿಯಲ್ಲಿ, ಎರಡು ಕಾರುಗಳ ನಡುವಿನ ಜಾಗದಲ್ಲಿ ನಿಂತಿರುತ್ತಾನೆ. ಯಾರಾದರೂ ನುಗ್ಗಿದರೆ ಊರುಗೋಲು ಅಡ್ಡ ಹಿಡಿದು, ಇದು ನಮ್ಮ ವಗ್ದಿಯ ಜಾಗ, ಮುಂದೆ ಹೋಗು ಎಂದು ಜಗಳಕ್ಕೆ ನಿಲ್ಲುತ್ತಾನೆ. ಬೇರೆ ಬೀದಿಗೆ ಹೋಗಿಬಿಡೋಣ ಎಂದು ಎಷ್ಟು ಸಲ ಅಂದುಕೊಂಡಿದ್ದೇನೋ ಲೆಕ್ಕವಿಲ್ಲ. ನಾನು ಬರುವವರೆಗೂ ಆ ಮುರಿದ ಕಾಲಿನಲ್ಲಿ ಅವನು ಅಲ್ಲೇ ನಿಂತಿರುತ್ತಾನೆ ಎಂದು ನೆನಪಾಗುತ್ತದೆ, ತಿರುಗಿಸಿಕೊಂಡು ಬರುತ್ತೇನೆ. ಅವನು ಬಸ್ಸಿನ ಹಿಂಬದಿ ತಟ್ಟುತ್ತಾ, "ಬಾ, ಬಾ, ಇನ್ನೂ ಬಾ, ನಾನಿದೀನಿ," ಎನ್ನುತ್ತಾನೆ. ನಾನು ಕನ್ನಡಿಯಲ್ಲಿ ಅವನ ಮುಖ ನೋಡದೆ, ಕೈಯನ್ನಷ್ಟೇ ನೋಡಿಕೊಂಡು ಬಸ್ಸನ್ನು ಹಿಂದಕ್ಕೆ ಬಿಡುತ್ತೇನೆ.