ಪ್ರವಾಸದ ಉದ್ದೇಶ

ಕೀನ್ಯಾಕ್ಕೆ ಹೋಗಲು ವೀಸಾ ಬೇಕಿಲ್ಲ ಎಂದು ತಿಳಿದಾಗ ಹಸನ್ ಸಾಬ್‌ಗೆ ಹೋದ ಜೀವ ಬಂದಂತಾಯಿತು. ಬೋರ್‌ವೆಲ್ ಲಾರಿ ಕೆಲಸಕ್ಕೆಂದು ಅಲ್ಲಿಗೆ ಹೋಗಿದ್ದ ತಮ್ಮ ಮುನಾವರ, ಲಾರಿ ಮಗುಚಿ ತೀರಿಕೊಂಡಿದ್ದ. ಹೆಣ ಊರಿಗೆ ಕಳಿಸುವುದು ಆಗದ ಮಾತು ಎಂದು ಲಾರಿ ಮಾಲೀಕ ಕೈತೊಳೆದುಕೊಂಡಿದ್ದ. ಅಲ್ಲಿಯ ಮಸೀದಿಯವರೇ ದೊಡ್ಡ ಮನಸ್ಸು ಮಾಡಿ, ಅಣ್ಣ ಬರುವುದಾದರೆ ಶುಕ್ರವಾರದ ನಮಾಜಿನವರೆಗೆ ದಫನ್ ತಡೆಯುತ್ತೇವೆ, ಅದರಾಚೆ ಆಗದು ಎಂದಿದ್ದರು. ಒಡಹುಟ್ಟಿದವನು ಗೋರಿಗೆ ಮೂರು ಹಿಡಿ ಮಣ್ಣು ಕೊಡಲೇಬೇಕು. ತಾಯಿ ಅಜೀಜಬಿಯದು ಅದೊಂದೇ ಹಟ. ಹಜ್‌ನ ಆಸೆಗೆ ಮಾಡಿಸಿಟ್ಟಿದ್ದ ಪಾಸ್‌ಪೋರ್ಟ್ ಪುಣ್ಯಕ್ಕೆ ಪೆಟ್ಟಿಗೆಯಲ್ಲಿತ್ತು.

ಕೊಟ್ಟೂರು ಬಸ್ ಸ್ಟ್ಯಾಂಡ್ ಎದುರು ಆನ್‌ಲೈನ್ ಅರ್ಜಿ ತುಂಬುವ ಕ್ರಾಂತಿಕುಮಾರ್ ಆ ಸಮಾಧಾನಕ್ಕೆ ತಣ್ಣೀರೆರಚಿದ. ವೀಸಾ ಬೇಡ, ನಿಜ. ಆದರೆ ವಿಮಾನ ಹತ್ತುವ ಮೊದಲೇ ಇ-ಟಿಎ ಅಂತ ಒಂದು ಅನುಮತಿ ತೆಗೆದುಕೊಳ್ಳಬೇಕಂತೆ. ಅದಕ್ಕೂ ಅರ್ಜಿ, ಫೋಟೊ, ಉಳಿಯುವ ಜಾಗ, ಹೋಗುವ ಉದ್ದೇಶ. ಬೇಡ ಬೇಡ ಅನ್ನುತ್ತಲೇ ಹುಟ್ಟಿದ ತಾರೀಖಿನಿಂದ ಹಿಡಿದು ಎಲ್ಲವನ್ನೂ ಕೇಳುವ ಇದು ಯಾವ ಸೀಮೆಯ ಉಪಚಾರವೋ!

ಉದ್ದೇಶದ ಜಾಗ ಬಂದಾಗ ಕ್ರಾಂತಿಕುಮಾರನ ಬೆರಳು ನಿಂತಿತು.

“ಸಾವು ಅಂತ ಹಾಕಿದ್ರ ಆ ಕಾಗದ ತಾ, ಈ ಕಾಗದ ತಾ ಅಂತ ಕುಂಡ್ರಿಸ್ತಾರ್ರಿ ಸಾಬ್ರ. ಪ್ರವಾಸ ಅಂತ ಹಾಕ್ತೀನಿ, ಲಗೂನ ಆಗ್ತೈತಿ.”

ಹಸನ್ ಸಾಬ್‌ಗೆ ಕಸಿವಿಸಿಯಾಯಿತು. ಆದರೆ ಕಚೇರಿಗಳಿಗೆ ಅಲೆದು ಚಪ್ಪಲಿ ಸವೆಸಿದವನಿಗೆ ಇದೇನು ಹೊಸದೇ? ಇರುವ ಕಾರಣ ಒಂದು, ನಡೆಯುವ ಕಾರಣ ಇನ್ನೊಂದು. ಅರ್ಜಿಯಲ್ಲಿ ಬರೆಯುವುದು ನಡೆಯುವುದನ್ನೇ. ಇದು ಕೊಟ್ಟೂರಿನಿಂದ ಹರಪನಹಳ್ಳಿಯವರೆಗೆ ಎಲ್ಲರಿಗೂ ಗೊತ್ತಿದ್ದದ್ದೇ. ಹೂಂ ಅಂದ. ಸಿಂಹಗಳ ಕಾಡಿನ ಪಕ್ಕ ಒಂದು ಹೋಟೆಲೂ ಬುಕ್ ಆಯಿತು. ಮರುದಿನವೇ ಅನುಮತಿ ಬಂತು.

ಹೊರಡುವಾಗ ಅಜೀಜಬಿ ತನ್ನ ಸಾವಿಗೆಂದು ಮೆಕ್ಕಾದ ಜಮ್‌ಜಮ್ ನೀರಲ್ಲಿ ಅದ್ದಿ ಒಣಗಿಸಿಟ್ಟುಕೊಂಡಿದ್ದ ಕಫನ್ ಬಟ್ಟೆಯನ್ನು ಮಗನ ಚೀಲಕ್ಕೆ ಹಾಕಿದಳು. ಅವಳು ಅಳಲಿಲ್ಲ. ನೋಡಿದ ಹಸನ್ ಸಾಬನೇ ಅತ್ತ.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ನೋಡುವ ಅಧಿಕಾರಿ, ಅಲ್ಲಿ ಏನು ನೋಡಲು ಹೋಗುತ್ತಿದ್ದೀರಿ ಎಂದು ಕೇಳಿದರು. ಕ್ರಾಂತಿಕುಮಾರ್ ಗಿಣಿಗೆ ಕಲಿಸಿದಂತೆ ಕಲಿಸಿ ಕಳಿಸಿದ್ದ. ಸಿಂಹ ನೋಡಾಕ್ರಿ, ಅಂದ ಹಸನ್ ಸಾಬ್. ಅನ್ನುತ್ತಿದ್ದಂತೆ ಹಾಳು ಕಣ್ಣೀರು ಮಾತು ಕೇಳದೆ ಇಳಿಯಿತು. ಸಿಂಹ ನೋಡಲು ಹೋಗುವವನು ಹೀಗೆ ಅಳುತ್ತಾನೆಯೇ? ಪಕ್ಕದ ಕೋಣೆಗೆ ಕರೆದೊಯ್ದು ಚೀಲ ಬಿಚ್ಚಿಸಿದರು. ಹೊಲಿಗೆಯಿಲ್ಲದ ಬಿಳಿ ಬಟ್ಟೆ ಮೇಲೆಯೇ ಇತ್ತು.

ಆಗ ಇದ್ದದ್ದನ್ನೆಲ್ಲ ಹೇಳಿದ. ಕೈಮುಗಿದ, ಮುನಾವರನ ಫೋಟೊ ತೋರಿಸಿದ. ಅಧಿಕಾರಿ ಕಟುಕರೇನಲ್ಲ, ನೀರು ತರಿಸಿಕೊಟ್ಟರು.

“ಹಾಗಾದರೆ ಇದರಲ್ಲಿ ಬರೆದಿರೋದು ಸುಳ್ಳು ಅಂತಾಯ್ತಲ್ಲ ಯಜಮಾನ್ರೇ. ಇದರ ಮೇಲೆ ನಿಮ್ಮನ್ನ ನಾನು ಹೇಗೆ ಕಳಿಸಲಿ?”

ನಿಜವಾದ ಕಾರಣ ಕೊಟ್ಟು ಹೊಸ ಅನುಮತಿ ತರಬೇಕು ಎಂದರು. ಹಸನ್ ಸಾಬ್ ಹೊರಗೆ ಬಂದು ಕ್ರಾಂತಿಕುಮಾರನಿಗೆ ಫೋನಿನಲ್ಲಿ ಬಾಯಿಗೆ ಬಂದಂತೆ ಬೈದು, ಹೊಸ ಅರ್ಜಿಯನ್ನೂ ಅವನ ಕೈಯಿಂದಲೇ ಹಾಕಿಸಿದ. ಬೇರೆ ಯಾರಿದ್ದರು? ಊರಿಗೆ ಮರಳಿ ತಾಯಿಗೆ ಮುಖ ತೋರಿಸುವ ಧೈರ್ಯವಾಗದೆ ನಿಲ್ದಾಣದ ಹೊರಗಿನ ಕಟ್ಟೆಯ ಮೇಲೆಯೇ ಕಾದ. ಅನುಮತಿ ಬರಲಿಲ್ಲ. ಶುಕ್ರವಾರ ಬಂತು.

ಅಲ್ಲಿಂದ ಮುನಾವರನ ಜೊತೆಗಾರ ಫೋನ್ ಮಾಡಿ, ಎಲ್ಲ ಮುಗಿಯಿತು, ನಮಾಜಿಗೆ ಬಂದ ಗುರುತಿಲ್ಲದ ಜನವೇ ಬಹಳ ಸೇರಿದ್ದರು ಎಂದ. ಆಮೇಲೆ ಅಜೀಜಬಿಯ ಫೋನ್ ಬಂತು. ಮಣ್ಣು ಕೊಟ್ಟೆಯಾ ಎಂದು ಕೇಳಿದಳು. ಕೊಟ್ಟೆ ಅಂದುಬಿಡಬಹುದಿತ್ತು, ಮುದುಕಿ ನಂಬುತ್ತಿದ್ದಳು. ಆದರೆ ಸುಳ್ಳು ಹೇಳಿ ಸಾಕಾಗಿತ್ತು.

“ನಾ ಹೋಗಾಕ ಆಗಲಿಲ್ಲ ಯವ್ವ. ಬೆಂಗಳೂರಾಗ ಅದೀನಿ.”

ಅಜೀಜಬಿ ಇನ್ನೊಂದೇ ಮಾತು ಕೇಳಿದಳು.

“ಹಂಗಾರ ನನ್ನ ಮಗಗ ಮಣ್ಣು ಕೊಟ್ಟೋರು ಯಾರು?”

“ಯಾರೋ ಅಲ್ಲೀ ಊರೋರು ಕೊಟ್ಟಾರ ಯವ್ವ,” ಅಂದ ಹಸನ್ ಸಾಬ್. “ಅವನ ಹೆಸ್ರು ಸೈತ ಅವ್ರಿಗಿ ಗೊತ್ತಿರಲಿಲ್ಲಂತ.”