ಎಡದಂಚಿನ ಸಿದ್ಧಲಿಂಗೇಶ್

ಸಿದ್ಧಲಿಂಗೇಶ್ ಮುಂದಕ್ಕೆ ನಡೆದದ್ದಕ್ಕಿಂತ ಹಿಂದಕ್ಕೆ ಓಡಿದ್ದೇ ಹೆಚ್ಚು. ಇದು ಅಲಂಕಾರದ ಮಾತಲ್ಲ. ೨೦೨೦ರ ವಸಂತದಲ್ಲಿ ಕೊರೋನಾದ ಭಯಕ್ಕೆ ಕಾಲೇಜು, ಜಿಮ್ಮು, ಮೈದಾನ ಎಲ್ಲವೂ ಬಾಗಿಲು ಹಾಕಿಕೊಂಡಿದ್ದಾಗ, ಅಮೆರಿಕದ ಅಟ್ಲಾಂಟಾ ಪಕ್ಕದ ಅಲ್ಫರೆಟಾದ ನಮ್ಮ ಬಡಾವಣೆಯ ಏರುರಸ್ತೆಯಲ್ಲಿ ಆರಡಿ ಎತ್ತರದ ಆ ತರುಣ ಮೊಣಕಾಲು ಮಡಿಸಿ, ಸೊಂಟ ತಗ್ಗಿಸಿ, ಕೈಗಳನ್ನು ಎದೆಯ ಮುಂದೆ ಸಡಿಲಬಿಟ್ಟು, ಬೆನ್ನ ಹಿಂದೆ ಏನಿದೆಯೆಂದು ಒಮ್ಮೆಯೂ ತಿರುಗಿ ನೋಡದೆ, ಹಿಂದುಹಿಂದಾಗಿಯೇ ಏರು ಹತ್ತಿಹೋಗುತ್ತಿದ್ದ. ದಾರಿಹೋಕರು ಕಾರು ನಿಲ್ಲಿಸಿ, ಏನಾದರೂ ಸಹಾಯ ಬೇಕೇ ಎಂದು ವಿಚಾರಿಸಿದ್ದುಂಟು. ಅವನು ಓಟ ನಿಲ್ಲಿಸದೆಯೇ "ನೋ ರೀ, ಥ್ಯಾಂಕ್ಯೂ ರೀ" ಎನ್ನುತ್ತಿದ್ದ. ವ್ಯಾಯಾಮಕ್ಕೆಂದು ಅದೇ ಏರನ್ನು ಮುಂದುಮುಖವಾಗಿ, ಏದುಸಿರು ಬಿಡುತ್ತ ಹತ್ತುತ್ತಿದ್ದ ನನ್ನನ್ನು ಅವನು ಹಿಂದುಮುಖವಾಗಿ ದಾಟಿಹೋದ ದಿನವೇ ನಮ್ಮ ಪರಿಚಯವಾಯಿತು.

ಅದು ಅವನ ವೃತ್ತಿಯ ಓಟ. ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ ಆಟದಲ್ಲಿ ಕಾಲಿಗಿಂತ ಕೈಗೇ ಕೆಲಸ ಜಾಸ್ತಿ. ಮೊಟ್ಟೆಯಾಕಾರದ ಚೆಂಡನ್ನು ಒಂದು ಪಕ್ಷ ಒಯ್ಯಬೇಕು, ಇನ್ನೊಂದು ಪಕ್ಷ ತಡೆಯಬೇಕು. ಸಿದ್ಧಲಿಂಗೇಶ್ ತಡೆಯುವವರ ಪಂಕ್ತಿಯವನು. ಮೈದಾನದ ಎಡದಂಚು ಅವನ ಪಾಲಿಗೆ ಬಿಟ್ಟ ಜಾಗ. ಎದುರಾಳಿಯ ಓಟಗಾರ ಬಿಟ್ಟ ಬಾಣದಂತೆ ನುಗ್ಗಿ ಬರುವಾಗ, ಅವನಿಗೆ ಮುಖ ಕೊಟ್ಟುಕೊಂಡೇ ಹಿಂದಕ್ಕೆ ಓಡುತ್ತ, ಅವನು ಹೊರಳುವ ಕ್ಷಣಕ್ಕೆ ತಾನೂ ಹೊರಳಿ, ಚೆಂಡು ಅವನ ಕೈಗೆ ಸೇರದಂತೆ ಮಾಡಬೇಕು. ಸೇರಿದರೆ ಅಲ್ಲಿಯೇ ಅಪ್ಪಿ ನೆಲಕ್ಕೆ ಕೆಡವಬೇಕು.

ಇದರಿಂದ ಅವನಿಗೊಂದು ವಿಚಿತ್ರ ಅಭ್ಯಾಸ ಅಂಟಿಕೊಂಡಿತ್ತು. ಯಾರೊಡನೆ ಮಾತಾಡಿದರೂ ಅವನ ಕಣ್ಣು ಅವರ ಸೊಂಟದ ಮೇಲಿರುತ್ತಿತ್ತು. ಎದುರಿನವನು ಕಣ್ಣಿನಿಂದ ಮೋಸ ಮಾಡಬಹುದು, ಭುಜ ಕುಣಿಸಿ ದಾರಿ ತಪ್ಪಿಸಬಹುದು, ಆದರೆ ಸೊಂಟ ತಾನು ಹೋಗುವ ಕಡೆಗಲ್ಲದೆ ಬೇರೆ ಕಡೆಗೆ ತಿರುಗಲಾರದು ಎಂದು ಚಿಕ್ಕಂದಿನಿಂದ ಅವನಿಗೆ ಕಲಿಸಿದ್ದರು. ಯುಗಾದಿಯ ಕೂಟದಲ್ಲಿ ನಮ್ಮ ಕನ್ನಡಿಗರಲ್ಲಿ ಹಿರಿಯರಾದ ರೇಣುಕಾದೇವಿಯವರು ಅವನ ತಾಯಿಯನ್ನು ಪಕ್ಕಕ್ಕೆ ಕರೆದು, "ಗೌರಾ, ನಿನ್ನ ಮಗ ನನ್ನ ಸೀರಿ ನಿರಿಗಿ ನೋಡ್ಕೋತನ ಮಾತಾಡಿದ ನೋಡವಾ. ನಿರಿಗಿ ನೆಟ್ಟಗ ಇಲ್ಲೇನ?" ಎಂದು ಕೇಳಿದ್ದರು.

ತಾಯಿ ಗೌರಾಬಾಯಿ ಮಕ್ಕಳ ವೈದ್ಯೆ. ತಂದೆ ಮಹಾಂತಪ್ಪನವರು ಸೇತುವೆಗಳ ಬಿರುಕು ಪರೀಕ್ಷಿಸುವ ಎಂಜಿನಿಯರು. ಇಬ್ಬರೂ ಬಾಗಲಕೋಟೆಯ ಕಡೆಯವರು. ಮಗ ಹುಟ್ಟಿದ್ದು ಜಾರ್ಜಿಯಾದಲ್ಲಿ, ಕನ್ನಡ ಅವನಿಗೆ ಬಂದದ್ದು ಮನೆಯಲ್ಲಿ ಕಿವಿಗೆ ಬಿದ್ದಷ್ಟು. ವಾಕ್ಯ ಅರ್ಧಕ್ಕೆ ಮುರಿದು ಇಂಗ್ಲಿಷಿಗೆ ಹಾರುತ್ತಿತ್ತು. ಆದರೆ ಹಿರಿಯರಿಗೆ 'ರೀ' ಹಚ್ಚದೆ ಮಾತಾಡಬಾರದೆಂಬುದು ಮಾತ್ರ ರಕ್ತಕ್ಕೆ ಇಳಿದಿತ್ತು. ಎಷ್ಟೆಂದರೆ, ತನ್ನ ತರಬೇತುದಾರರಿಗೂ ಅವನು "ಯೆಸ್ ರೀ" ಎಂದೇ ಹೇಳುತ್ತಿದ್ದ. ಅವರು ಮೊದಲು ಬೆರಗಾದರು, ಆಮೇಲೆ ಒಗ್ಗಿಕೊಂಡರು. ಜೊತೆಯ ಆಟಗಾರರಿಗೆ ಸಿದ್ಧಲಿಂಗೇಶ್ ಎಂಬುದು ನಾಲಿಗೆಗೆ ಹೊರೆಯಾದ್ದರಿಂದ ಅವನನ್ನು 'ರೀ' ಎಂದೇ ಕರೆಯತೊಡಗಿದರು.

ಪಂದ್ಯದ ದಿನ ಆಟಗಾರರೆಲ್ಲ ಹೊಳೆಯುವ ಉಡುಪು ತೊಟ್ಟು ಬರುವುದು ಅಲ್ಲಿಯ ರೂಢಿ. ಇವನು ಮಹಾಂತಪ್ಪನವರ ಮದುವೆಯ ಕಂದು ಕೋಟು ತೊಟ್ಟು ಬರುತ್ತಿದ್ದ. ಹುಬ್ಬಳ್ಳಿಯ ದರ್ಜಿ ಹೊಲಿದ ಆ ಕೋಟಿನ ತೋಳು ಅವನ ಮಣಿಕಟ್ಟಿಗಿಂತ ಮೊದಲೇ ಮುಗಿಯುತ್ತಿತ್ತು, ಬೆನ್ನಿನ ಹೊಲಿಗೆ ಒಂದು ಕಡೆ ಬಿಟ್ಟಿತ್ತು. "ಹೊಸಾದ್ ಕೊಡಸ್ತೀನಲೋ" ಎಂದು ತಂದೆ ಗೋಗರೆದರೂ ಅವನು ಬಿಡಲಿಲ್ಲ. ಕಾರಣ ಕೇಳಿದರೆ "ಫಿಟ್ ಐತ್ರಿ" ಎನ್ನುತ್ತಿದ್ದ. ಫಿಟ್ ಇರಲಿಲ್ಲ.

ದಕ್ಷಿಣ ಕೆರೊಲೈನಾದ ಸಣ್ಣ ಕಾಲೇಜೊಂದರಿಂದ ಬಂದ ಅವನನ್ನು ಆ ವರ್ಷ ವೃತ್ತಿಪರ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ ಯಾವ ತಂಡವೂ ಆರಿಸಲಿಲ್ಲ. ಆಮೇಲೆ ಷಾರ್ಲಟ್‌ನ ತಂಡ ಅಭ್ಯಾಸಕ್ಕೆಂದು ಕರೆದುಕೊಂಡು, ಯಾರೋ ಗಾಯಗೊಂಡಾಗ ಮೈದಾನಕ್ಕಿಳಿಸಿತು. ಮೊದಲ ಪಂದ್ಯವನ್ನು ಅವನು ಆಡಿದ್ದು ಖಾಲಿ ಕುರ್ಚಿಗಳ ಮುಂದೆ. ಜನರ ಗದ್ದಲವನ್ನು ಧ್ವನಿವರ್ಧಕದಲ್ಲಿ ಹಾಕಿದ್ದರಂತೆ. ಮಹಾಂತಪ್ಪನವರು ಟಿವಿಯ ಮುಂದೆ ಕೂತು ಇಡೀ ಪಂದ್ಯ ನೋಡಿ, ಮಗನಿಗೆ ಫೋನು ಹಚ್ಚಿ, "ನಿನ್ನ ಹೆಸರು ಒಮ್ಮೆನೂ ಹೇಳ್ಲಿಲ್ಲಲ್ಲೋ ಅವ್ರು?" ಎಂದು ನೊಂದುಕೊಂಡರು.

"ಅಪ್ಪಾ, ಅದು ಗುಡ್ ರೀ. ನನ್ನ ನೇಮ್ ಹೇಳಿದ್ರ, ನನ್ನ ಸೈಡ್‌ನ್ಯಾಗ ಯಾರೋ ಕ್ಯಾಚ್ ಹಿಡದಾನ ಅಂತ."

ಮಹಾಂತಪ್ಪನವರಿಗೆ ಇದು ಅರ್ಥವಾಗಲು ಎರಡು ವರ್ಷ ಹಿಡಿಯಿತು. ಅಷ್ಟರಲ್ಲಿ ಮಗ ಅಟ್ಲಾಂಟಾ ತಂಡಕ್ಕೆ ಬಂದಿದ್ದ. ಕನ್ನಡದ ಕುಟುಂಬಗಳು ಗುಂಪುಗೂಡಿ ಪಂದ್ಯಕ್ಕೆ ಹೋಗಿ, ಎಲ್ಲರೂ ಚೆಂಡನ್ನು ನೋಡುತ್ತಿದ್ದರೆ ಇವರು ಮಾತ್ರ ಚೆಂಡಿಲ್ಲದ ಎಡದಂಚನ್ನು ನೋಡಿ ಕೈತಟ್ಟುವುದನ್ನು ಕಲಿತರು. ಹೊಸ ತರಬೇತುದಾರ ಬಂದಾಗ ಅವನನ್ನು ಅಲ್ಲಿಂದಲೂ ಬಿಡಿಸಿದರು. ೨೦೨೩ರ ಬೇಸಿಗೆಯಲ್ಲಿ ವಾಷಿಂಗ್ಟನ್ ತಂಡ ಪರೀಕ್ಷಾರ್ಥವಾಗಿ ಕರೆಯಿತು. ಅವನು ಅಲ್ಲಿಗೆ ಹತ್ತಿರದ ಹರ್ನ್‌ಡನ್‌ನಲ್ಲಿದ್ದ ಅಕ್ಕ ನಮ್ರತಾಳ ಮನೆಯ ನೆಲಮಾಳಿಗೆಯಲ್ಲಿ ಬಿಡಾರ ಹೂಡಿದ.

ಅಲ್ಲಿಯ ನಿಯಮವೆಂದರೆ, ಆಗಸ್ಟ್ ಕೊನೆಯ ಒಂದು ಮಂಗಳವಾರ ಸಂಜೆ ನಾಲ್ಕರೊಳಗೆ ಪ್ರತಿಯೊಂದು ತಂಡವೂ ಯಾರನ್ನು ಉಳಿಸಿಕೊಳ್ಳುವುದು, ಯಾರನ್ನು ಬಿಡುವುದು ಎಂದು ತೀರ್ಮಾನಿಸಬೇಕು. ಎಡದಂಚಿಗೆ ಒಂದೇ ಜಾಗ ಉಳಿದಿತ್ತು. ಅದು ನಿನ್ನದೇ ಎಂಬ ಸೂಚನೆಯನ್ನು ತರಬೇತುದಾರರು ಇವನಿಗೆ ಕೊಟ್ಟಿದ್ದರು. ಮೂರು ಊರು ಅಲೆದವನಿಗೆ ಅದು ಕೊನೆಯ ಬಾಗಿಲು. ಇಲ್ಲಿ ಆಗದಿದ್ದರೆ ಇನ್ನು ಕರೆಯುವವರಿಲ್ಲ ಎಂಬುದು ಅವನಿಗೂ ಮನೆಯವರಿಗೂ ತಿಳಿದಿತ್ತು.

ಮಂಗಳವಾರದ ಹಿಂದಿನ ದಿನ ಶ್ರಾವಣ ಸೋಮವಾರ. ಆ ಮನೆತನದಲ್ಲಿ ಶ್ರಾವಣದ ಸೋಮವಾರ ಹಗಲೆಲ್ಲ ಉಪವಾಸವಿದ್ದು, ಸಂಜೆ ಪೂಜೆ ಮುಗಿಸಿ, ಹಿರಿಯರೊಬ್ಬರನ್ನು ಕರೆದು ಮೊದಲು ಕೂರಿಸಿ, ಅವರು ಕೈ ಹಚ್ಚಿದ ಮೇಲೆ ಪಂಕ್ತಿಯವರು ಉಣ್ಣುವುದು ನಡೆದುಬಂದ ಪದ್ಧತಿ. ಮಹಾಂತಪ್ಪನವರೂ ಗೌರಾಬಾಯಿಯೂ ಅಲ್ಫರೆಟಾದಿಂದ ಕಾರಿನಲ್ಲಿ ಬಂದಿದ್ದರು. ಹರ್ನ್‌ಡನ್‌ನ ಕನ್ನಡಿಗರಲ್ಲಿ ಹಿರಿಯರಾದ ಬಸಲಿಂಗಪ್ಪನವರನ್ನು ಕರೆದಿದ್ದರು. ನಮ್ರತಾಳ ಹಜಾರದಲ್ಲಿ ಎಲ್ಲರೂ ಚಕ್ಕಳಮಕ್ಕಳ ಹಾಕಿ ಕೂತರು. ಜೋಳದ ರೊಟ್ಟಿ, ಎಣ್ಣೆಗಾಯಿ, ಕಡಲೆಬೇಳೆ ಹೋಳಿಗೆ, ಅನ್ನ ಬಡಿಸಿತ್ತು.

ಸಿದ್ಧಲಿಂಗೇಶ್ ಎಡಗೈಯಿಂದ ರೊಟ್ಟಿ ಮುರಿದ.

"ಯಾಕಪಾ ತಮ್ಮಾ, ಎಡಗೈಲೆ ಉಣ್ಣಾಕತ್ತೀದಿ?" ಬಸಲಿಂಗಪ್ಪನವರು ನಕ್ಕರು. "ಬಲಗೈ ಚೆಂಡಿಗೆ ಮೀಸಲ ಇಟ್ಟೀ ಏನು?"

"ಸಾರಿ ರೀ, ಅಂಕಲ್" ಎಂದು ಅವನು ಕೈ ಬದಲಾಯಿಸಿದ. ಬಲಗೈಯ ಹೆಬ್ಬೆರಳೂ ತೋರುಬೆರಳೂ ರೊಟ್ಟಿಯ ಮೇಲೆ ಕೂತವು, ರೊಟ್ಟಿ ಹರಿಯಲಿಲ್ಲ. ಮತ್ತೊಮ್ಮೆ ಹಿಡಿದಾಗ ತಟ್ಟೆಯೇ ಸರಿಯಿತು. "ಡಯಟ್‌ನ್ಯಾಗ ಅದೀನ್ರಿ" ಎಂದು ಹೇಳಿ, ಚಮಚ ತರಿಸಿಕೊಂಡು ಅನ್ನವನ್ನಷ್ಟೇ ಉಂಡು ಎದ್ದ. ಪಂಕ್ತಿಯಲ್ಲಿ ಮಾತು ಬೇರೆ ಕಡೆ ಹೊರಳಿತು. ಗೌರಾಬಾಯಿ ಮಾತ್ರ ಬಡಿಸುವ ಸೌಟನ್ನು ಮಗಳ ಕೈಗೆ ಕೊಟ್ಟು ಮಗನ ಹಿಂದೆಯೇ ಅಡುಗೆಮನೆಗೆ ಹೋದರು.

ಅಲ್ಲಿ ಅವರು ಮಗನ ಮುಂದೆ ತಮ್ಮ ತೋರುಬೆರಳು ಚಾಚಿದರು. "ಹಿಡಿ."

"ಅವ್ವಾ, ವಾಟ್ ಈಸ್ ದಿಸ್..."

"ಹಿಡಿ ಅಂದೆ. ಜೋರ್‌ಲೆ ಹಿಡಿ."

"ಹಿಡದೀನಿ."

"ಎಲ್ಲಿ ಹಿಡದೀ? ಈಗ ಹುಟ್ಟಿದ ಕೂಸು ಇದಕಿಂತ ಗಟ್ಟಿ ಹಿಡೀತೈತಿ."

ಆಗ ಅವನು ಹೇಳಿದ. ಶನಿವಾರದ ಅಭ್ಯಾಸ ಪಂದ್ಯದಲ್ಲಿ ಒಬ್ಬನನ್ನು ಕೆಡವುವಾಗ ಕುತ್ತಿಗೆಯಿಂದ ಬೆರಳ ತುದಿಯವರೆಗೆ ಬೆಂಕಿ ಹರಿದಂತಾಯಿತು. ಆ ಬೇಸಿಗೆಯಲ್ಲಿ ಹಾಗಾದದ್ದು ಅದೇ ಮೊದಲಲ್ಲ. ಹಿಂದೆಲ್ಲ ಗಳಿಗೆಯಲ್ಲಿ ಸರಿಹೋಗಿತ್ತು, ಈ ಸಲ ಕೈಯ ಬಲ ತಿರುಗಿ ಬಂದಿರಲಿಲ್ಲ. ತಂಡದ ವೈದ್ಯರಿಗೆ ಹೇಳಿರಲಿಲ್ಲ. ಹೇಳಿದರೆ ಮೈದಾನಕ್ಕೆ ಬಿಡುವುದಿಲ್ಲ, ಜಾಗ ಇನ್ನೊಬ್ಬನಿಗೆ ಹೋಗುತ್ತದೆ.

"ನಾಳೆ ಫೋರ್ ಓ ಕ್ಲಾಕ್ ತನಕ ಸುಮ್ನಿರು ಅವ್ವಾ. ಆಮೇಲೆ ನಾನ ಹೇಳ್ತೀನಿ, ಪ್ರಾಮಿಸ್."

"ಮತ್ತ ಹಂಗ ಬಡೀತು ಅಂದ್ರ ಕೈ ಒಂದ ಅಲ್ಲೋ, ಕಾಲೂ ಹೋಗ್ತಾವು. ನಾಳೆ ಮುಂಜಾನೆ ಅಭ್ಯಾಸ ಇಲ್ಲೇನು?"

"ಲೈಟ್ ಪ್ರಾಕ್ಟಿಸ್ ಅಷ್ಟ."

ಮಾತಿನ ಸದ್ದಿಗೆ ಬಂದ ಮಹಾಂತಪ್ಪನವರು ಬಾಗಿಲಲ್ಲಿ ನಿಂತು ಎಲ್ಲ ಕೇಳಿ, ಮಗನ ಮುಖ ನೋಡಿ, "ಒಂದ್ ದಿನದ ಮಾತ ಅಲ್ಲೇನು ಗೌರಾ..." ಎಂದರು.

"ಬಿರುಕು ಬಿಟ್ಟ ಬ್ರಿಡ್ಜ್ ಮ್ಯಾಲೆ ಒಂದ್ ದಿನದ ಮಾತು ಅಂತ ಲಾರಿ ಬಿಡ್ತೀರೇನು ನೀವು?"

ಗೌರಾಬಾಯಿ ವೈದ್ಯೆಯಾಗಿ ತಿಳಿಹೇಳಿದರು, ತಾಯಿಯಾಗಿ ಅತ್ತರು. ಮಗ ಎರಡಕ್ಕೂ ಜಗ್ಗಲಿಲ್ಲ. ತಾವೇ ತಂಡಕ್ಕೆ ಫೋನು ಮಾಡುವುದಾಗಿ ಹೆದರಿಸಿದಾಗ, ಇಪ್ಪತ್ತೈದರ ಆ ಗಂಡಸು "ನೀ ಹಂಗ ಮಾಡಿದ್ರ ನಾ ಈ ಮನಿಗೆ ಬರಂಗಿಲ್ಲ" ಎಂದು ಐದು ವರ್ಷದ ಹುಡುಗನಂತೆ ಹೇಳಿ ನೆಲಮಾಳಿಗೆಗೆ ಇಳಿದುಹೋದ.

ಬೆಳಿಗ್ಗೆ ಅವನನ್ನು ಕರೆದೊಯ್ಯಲು ಡಿಮಾಂಟೆ ಬಂದ. ಅವನು ಕೆರೊಲೈನಾದವನು, ಷಾರ್ಲಟ್‌ನಿಂದಲೂ ಇವನ ಗೆಳೆಯ, ಮೈದಾನದಲ್ಲಿ ಇವನ ಹಿಂದೆ ನಿಲ್ಲುವ ಕೊನೆಯ ಕಾವಲುಗಾರ. ಇವನನ್ನು ದಾಟಿ ಯಾರಾದರೂ ಬಂದರೆ ಅವನನ್ನು ಎದುರಿಸಬೇಕಾದವನು ಡಿಮಾಂಟೆ. ಗೌರಾಬಾಯಿ ಅತ್ತು ಕೆಂಪಾದ ಕಣ್ಣಿನಲ್ಲೇ ಅವನಿಗೊಂದು ಹೋಳಿಗೆ ಕೊಟ್ಟರು. ಅವನು ಬಾಗಿಲಲ್ಲೇ ನಿಂತು ತಿನ್ನುತ್ತ, ಆಂಟಿಯ ಮುಖ ಬಾಡಿದ್ದನ್ನು ಇಂದಿನ ತೀರ್ಮಾನದ ಚಿಂತೆಯೆಂದೇ ಭಾವಿಸಿ, ತನ್ನ ಇಂಗ್ಲಿಷಿನಲ್ಲಿ ಸಮಾಧಾನ ಹೇಳಿದ: "ಆಂಟಿ, ಚಿಂತೆ ಬಿಡಿ. 'ರೀ' ಇರುವ ಕಡೆಗೆ ನಾನು ತಿರುಗಿ ಕೂಡ ನೋಡುವುದಿಲ್ಲ. ಕಣ್ಣು ಮುಚ್ಚಿಕೊಂಡು ಬಲಕ್ಕೆ ಓಡುತ್ತೇನೆ. ಇನ್ನೊಂದು ಹೋಳಿಗೆ ಇದೆಯೇ?"

ಬೂಟಿನ ದಾರ ಕಟ್ಟುತ್ತಿದ್ದ ಸಿದ್ಧಲಿಂಗೇಶ್ ತಲೆ ಎತ್ತಲಿಲ್ಲ. ಬಲಗೈ ಗಂಟು ಬಿಗಿಯಲೊಲ್ಲದು. ದಾರವನ್ನು ಬೂಟಿನೊಳಕ್ಕೆ ತುರುಕಿ ಎದ್ದು ಹೋದ. ಮೈದಾನ ತಲುಪಿದವನು ಉಡುಪು ಬದಲಿಸುವ ಕೋಣೆಗೆ ಹೋಗದೆ ನೇರವಾಗಿ ವೈದ್ಯರ ಕೋಣೆಗೆ ಹೋಗಿ, ಅವರ ಮುಂದೆ ಬಲಗೈ ಚಾಚಿದ. ಮಧ್ಯಾಹ್ನದೊಳಗೆ ಕುತ್ತಿಗೆಯ ಚಿತ್ರ ತೆಗೆದರು, ಎರಡು ಮೂಳೆಗಳ ನಡುವಿನ ಗಾದಿ ಜರುಗಿ ನರವನ್ನು ಒತ್ತುತ್ತಿರುವುದು ಕಂಡಿತು. ಸಂಜೆ ನಾಲ್ಕಕ್ಕೆ ಎಡದಂಚಿನ ಜಾಗ ಇನ್ನೊಬ್ಬನದಾಯಿತು. ಮೂರು ವರ್ಷದ ವೃತ್ತಿ ಅಲ್ಲಿಗೆ ಮುಗಿಯಿತು.

ಕುತ್ತಿಗೆಯ ಶಸ್ತ್ರಚಿಕಿತ್ಸೆಯಾಗಿ ಬೆರಳುಗಳು ಬಹುಮಟ್ಟಿಗೆ ಸರಿಹೋಗಿವೆ. ಅಂಗಿಯ ಮೇಲಿನ ಗುಂಡಿ ಹಾಕಲು ಮಾತ್ರ ಹೊತ್ತು ಹಿಡಿಯುತ್ತದೆ. ಈಗ ಅವನು ದಕ್ಷಿಣ ಕೆರೊಲೈನಾದ ಕಾಲೇಜೊಂದರಲ್ಲಿ ತಡೆಯುವ ಪಂಕ್ತಿಯವರಿಗೆ ತರಬೇತಿ ಕೊಡುತ್ತಾನೆ. ಆಟ ಬಿಟ್ಟ ದುಃಖ ಅವನಿಗಿಲ್ಲವೆಂದಲ್ಲ. ಭಾನುವಾರದ ಪಂದ್ಯಗಳನ್ನು ಅವನು ಇವತ್ತಿಗೂ ನೋಡುವುದಿಲ್ಲ.

ಕಳೆದ ದೀಪಾವಳಿಯಲ್ಲಿ ಗೌರಾಬಾಯಿ ಈ ಪ್ರಸಂಗವನ್ನು ಹೇಳಿ ಮುಗಿಸಿ, "ಡಾಕ್ಟರ್ ಆಗಿ ಹೇಳಿದೆ, ಕೇಳ್ಲಿಲ್ಲ. ಅವ್ವಾಗಿ ಅತ್ತೆ, ಕೇಳ್ಲಿಲ್ಲ. ಆ ಹುಡುಗ ಹೋಳಿಗಿ ತಿನಕೋತ ಒಂದ್ ಮಾತಂದ, ಅದನ್ನ ಕೇಳಿದ ನೋಡ್ರಿ ಸರ್" ಎಂದರು.

"ಬ್ಯಾಸರ ಆತೇನ್ರಿ?" ಎಂದು ಕೇಳಿದೆ.

"ಸ್ವಲ್ಪ ಆತ್ರಿ" ಎಂದು ನಕ್ಕರು.

ಬೇಸರಪಡುವುದು ತಾಯಿಗೆ ಸಹಜ. ಆದರೆ ಇಂಥವರ ಜಾತಿಯೇ ಹಾಗೆ. ಇವರು ತ್ಯಾಗಿಗಳಲ್ಲ, ಸತ್ಯವಂತರೆಂದೂ ಹೇಳಲಾಗದು. ತಮ್ಮ ನೋವನ್ನು ಮುಚ್ಚಿಡುತ್ತಾರೆ, ವೈದ್ಯರಿಗೆ ಸುಳ್ಳು ಹೇಳುತ್ತಾರೆ, ಹೆತ್ತವರನ್ನು ಅಳಿಸುತ್ತಾರೆ, ತಮ್ಮ ಮೈಯನ್ನು ತಮ್ಮದಲ್ಲವೆಂಬಂತೆ ದುಡಿಸುತ್ತಾರೆ. ತಮಗೇನಾದರೂ ಆದೀತು ಎಂಬ ಹೆದರಿಕೆ ಅವರನ್ನು ಕದಲಿಸುವುದಿಲ್ಲ. ಅವರನ್ನು ಕದಲಿಸುವುದು ಒಂದೇ: ತಮ್ಮನ್ನು ನಂಬಿ ಒಬ್ಬನು ಈ ಕಡೆಗೆ ನೋಡುವುದನ್ನೇ ಬಿಟ್ಟಿದ್ದಾನೆ ಎಂಬ ತಿಳಿವು. ಪ್ರೀತಿಗೆ ಬಗ್ಗದ ಇವರು ಆ ನಂಬಿಕೆಯ ಮುಂದೆ ಬಗ್ಗುತ್ತಾರೆ; ಆಮೇಲೆ ಏನನ್ನು ಕಳೆದುಕೊಂಡರೆಂದು ಆ ನಂಬಿದವನಿಗೆ ಹೇಳಲೂ ಹೋಗುವುದಿಲ್ಲ. ತನ್ನ ಮಾತಿನಿಂದಲೇ ಗೆಳೆಯ ಆಟ ಬಿಟ್ಟನೆಂದು ಡಿಮಾಂಟೆಗೆ ಇಂದಿಗೂ ತಿಳಿಯದು.